ಪ್ರಶ್ನೋತ್ತರ: ತೋಟದ ಮಿನಿ ಟ್ರ್ಯಾಕ್ಟರಿಗೆ ಯಾವ ಟೈರು?

ಪ್ರಶ್ನೆ: ನಮಗೆ ಮೂರು ಎಕರೆ ಅಡಿಕೆ ಮತ್ತು ತೆಂಗಿನ ತೋಟವಿದೆ. ನಮ್ಮದು 24 ಎಚ್‌ಪಿಯ, ಹಿಂದಿನ ಎರಡು ಚಕ್ರಗಳಷ್ಟೇ ಎಳೆಯುವ ಮಿನಿ ಟ್ರ್ಯಾಕ್ಟರ್. ರೋಟವೇಟರ್ ಹಾಕಿದಾಗ ಸಲೀಸಾಗಿ ಓಡುತ್ತದೆ. ಆದರೆ ಕಲ್ಟಿವೇಟರ್ ಹೊಡೆಯುವಾಗ ಮತ್ತು ಕೆರೆಗೋಡು ತುಂಬಿದ ಟ್ರೈಲರ್ ಎಳೆಯುವಾಗ ಹಿಂದಿನ ಚಕ್ರಗಳು ನಿಂತಲ್ಲೇ ತಿರುಗುತ್ತವೆ. ಅಗಲವಾದ ಟೈರು ಹಾಕಿಸಿ ಎಂದು ಒಬ್ಬರು, ಹುಲ್ಲುಹಾಸಿಗೆ ಬಳಸುವ ಟೈರು ಒಳ್ಳೆಯದೆಂದು ಇನ್ನೊಬ್ಬರು ಹೇಳುತ್ತಾರೆ. ಯಾವುದು ಸರಿ?
— ಓದುಗರು, ಗುಬ್ಬಿ ತಾಲ್ಲೂಕು, ತುಮಕೂರು ಜಿಲ್ಲೆ

ಉತ್ತರ: ರೋಟವೇಟರಿನ ಬ್ಲೇಡುಗಳು ಮಣ್ಣನ್ನು ಹಿಂದಕ್ಕೆ ಎಸೆಯುತ್ತ ಟ್ರ್ಯಾಕ್ಟರನ್ನು ಮುಂದಕ್ಕೆ ನೂಕುವುದರಿಂದ ಆ ಕೆಲಸದಲ್ಲಿ ಚಕ್ರದ ಹಿಡಿತಕ್ಕೆ ಪರೀಕ್ಷೆಯೇ ಇರುವುದಿಲ್ಲ. ಕಲ್ಟಿವೇಟರ್ ಮತ್ತು ಟ್ರೈಲರ್ ಚಕ್ರದ ಎಳೆತವನ್ನೇ ನಂಬಿರುವ ಕೆಲಸಗಳು. ಆದ್ದರಿಂದ ನಿಮ್ಮ ಎಂಜಿನಿನಲ್ಲಿ ದೋಷವಿಲ್ಲ. ಹಿಂದಿನ ಚಕ್ರದ ಮೇಲಿನ ಭಾರ, ಟೈರಿನ ಗಾಳಿ, ಅದರ ಉಬ್ಬುಪಟ್ಟಿಗಳ ಸವೆತ ಮತ್ತು ಮಣ್ಣಿನ ಹದ, ಈ ನಾಲ್ಕನ್ನು ನೋಡದೆ ಹೊಸ ಟೈರಿಗೆ ದುಡ್ಡು ಹಾಕಬೇಡಿ.

ಮೊದಲು ಜಾರಿಕೆಯನ್ನು, ಅಂದರೆ ಚಕ್ರ ಮುಂದೆ ಸಾಗದೆ ಎಷ್ಟು ವ್ಯರ್ಥವಾಗಿ ತಿರುಗುತ್ತದೆ ಎಂಬುದನ್ನು ಅಳೆಯಿರಿ. ಹಿಂದಿನ ಟೈರಿಗೆ ಸುಣ್ಣದ ಗುರುತು ಹಾಕಿ, ಕಲ್ಟಿವೇಟರನ್ನು ಮೇಲಕ್ಕೆತ್ತಿ ತೋಟದಲ್ಲಿ ಚಕ್ರ ಹತ್ತು ಸುತ್ತು ತಿರುಗುವಷ್ಟು ದೂರ ಓಡಿಸಿ, ಎರಡೂ ತುದಿಗೆ ಗೂಟ ನೆಡಿ. ಬಳಿಕ ಅಷ್ಟೇ ದೂರವನ್ನು ಕಲ್ಟಿವೇಟರ್ ಇಳಿಸಿ ಉಳುತ್ತ ಕ್ರಮಿಸುವಾಗ ಸುತ್ತುಗಳನ್ನು ಎಣಿಸಿ. ಹನ್ನೊಂದು ಸುತ್ತಾದರೆ ಜಾರಿಕೆ ಸುಮಾರು ಶೇ 9, ಹನ್ನೆರಡಾದರೆ ಸುಮಾರು ಶೇ 17, ಹದಿಮೂರಾದರೆ ಶೇ 23. ಶೇ 10ರಿಂದ 15ರವರೆಗಿನ ಜಾರಿಕೆ ಸಹಜ. ಅದಕ್ಕೂ ಹೆಚ್ಚಾದರೆ ಡೀಸೆಲ್ ಮತ್ತು ಟೈರು ಎರಡೂ ವ್ಯರ್ಥವಾಗಿ ಸವೆಯುತ್ತವೆ.

ಭಾರ ಹೆಚ್ಚಿಸಲು ಅಗ್ಗದ ದಾರಿ ಟ್ಯೂಬಿಗೆ ನೀರು ತುಂಬಿಸುವುದು. ವಾಲ್ವನ್ನು ಮೇಲ್ಭಾಗಕ್ಕೆ ನಿಲ್ಲಿಸಿ ಮುಕ್ಕಾಲು ಭಾಗ ನೀರು, ಉಳಿದದ್ದು ಗಾಳಿ ಇರುವಂತೆ ಪಂಕ್ಚರ್ ಅಂಗಡಿಯಲ್ಲಿ ಮಾಡಿಸಿ. ಆದರೆ ಅಡಿಕೆಯ ಬೇರುಗಳು ಮೇಲುಮಣ್ಣಿನಲ್ಲೇ ಹರಡಿರುವುದರಿಂದ ಅತಿಯಾದ ಭಾರ ತೋಟಕ್ಕೆ ಒಳ್ಳೆಯದಲ್ಲ. ಕಳಚಬಹುದಾದ ಎರಕದ ತೂಕಗಳು ಸಿಕ್ಕರೆ ನಾನು ಅವನ್ನೇ ಆರಿಸುತ್ತೇನೆ: ಟ್ರೈಲರ್ ಮತ್ತು ಕಲ್ಟಿವೇಟರ್ ಕೆಲಸಕ್ಕೆ ಕಟ್ಟಿ, ಉಳಿದ ದಿನಗಳಲ್ಲಿ ತೆಗೆದಿಡಬಹುದು. ಗಾಳಿಯ ಒತ್ತಡ ಉಳುಮೆಗೆ ಸಾಮಾನ್ಯವಾಗಿ 12ರಿಂದ 14 ಪಿಎಸ್‌ಐ ಸಾಕು, ರಸ್ತೆ ಸಾಗಾಟಕ್ಕೆ ಹೆಚ್ಚು ಬೇಕು. ನಿಮ್ಮ ಕೈಪಿಡಿಯಲ್ಲಿರುವ ಅಂಕಿಯೇ ಅಂತಿಮ. ತೀರಾ ಇಳಿಸಿದರೆ ಟೈರು ರಿಮ್ಮಿನ ಮೇಲೆ ಜಾರಿ ಟ್ಯೂಬಿನ ವಾಲ್ವ್ ಕಿತ್ತುಹೋಗುತ್ತದೆ.

ಟ್ರೈಲರಿನಲ್ಲಿ ಗೋಡನ್ನು ಅಚ್ಚಿಗಿಂತ ಸ್ವಲ್ಪ ಮುಂದಕ್ಕೆ ಬರುವಂತೆ ತುಂಬಿದರೆ ಒಂದಷ್ಟು ಭಾರ ಹಿಂದಿನ ಚಕ್ರಕ್ಕೆ ಇಳಿಯುತ್ತದೆ. ಎಳೆತ ಸಾಲದೆಂದು ಕೊಕ್ಕೆಯನ್ನು ಎತ್ತರಕ್ಕೆ, ಟಾಪ್ ಲಿಂಕಿನ (ಉಪಕರಣವನ್ನು ಮೇಲಿನಿಂದ ಹಿಡಿದಿಡುವ ಸರಳಿನ) ಜಾಗಕ್ಕೆ ಮಾತ್ರ ಎಂದಿಗೂ ಕಟ್ಟಬೇಡಿ; ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಿ ಚಾಲಕನ ಪ್ರಾಣಕ್ಕೇ ಸಂಚಕಾರ ಬರುತ್ತದೆ.

ಇನ್ನು ಟೈರಿನ ಮಾತು. ಹುಲ್ಲುಹಾಸಿನ ಟೈರು ನಿಮಗೆ ಬೇಡವೇ ಬೇಡ. ಅದರ ಗೀರುಗಳು ಆಳವಿಲ್ಲದೆ ಒತ್ತೊತ್ತಾಗಿರುವುದರಿಂದ ನೀರು ಬಿಟ್ಟ ತೋಟದ ಕೆಮ್ಮಣ್ಣು ಅದರಲ್ಲಿ ಮೆತ್ತಿಕೊಂಡು ಟೈರು ನುಣ್ಣಗಾಗುತ್ತದೆ. ಓರೆಯಾಗಿ, ಬಿಡಿಬಿಡಿಯಾಗಿ ಎದ್ದ ಎತ್ತರದ ಉಬ್ಬುಪಟ್ಟಿಗಳುಳ್ಳ ಕೃಷಿ ಟೈರನ್ನೇ, ಅಂದರೆ ಪಕ್ಕದಲ್ಲಿ ಆರ್-1 ಎಂದು ಅಚ್ಚಾಗಿರುವುದನ್ನೇ ಕೇಳಿ. ಅದು ತಿರುಗುತ್ತ ಮಣ್ಣನ್ನು ತಾನೇ ಉದುರಿಸಿಕೊಳ್ಳುತ್ತದೆ. ಈಗಿನ ಪಟ್ಟಿಗಳು ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಬದಲಾಯಿಸುವ ಕಾಲ ಬಂದಿದೆ.

ಅಗಲದ ವಿಷಯದಲ್ಲಿ, ಟೈರಿನ ಪಕ್ಕದಲ್ಲಿರುವ ಅಳತೆಯನ್ನು ನೋಡಿ; ಉದಾಹರಣೆಗೆ 8.3-20 ಎಂದರೆ ಟೈರಿನ ಅಗಲ 8.3 ಅಂಗುಲ, ರಿಮ್ಮಿನ ವ್ಯಾಸ 20 ಅಂಗುಲ. ಅದೇ ರಿಮ್ಮಿಗೆ ಅಗಲವಾದ ಟೈರು ತುರುಕಿದರೆ ಅದು ಸರಿಯಾಗಿ ಕೂರುವುದಿಲ್ಲ, ಮಡ್‌ಗಾರ್ಡಿಗೆ ಉಜ್ಜುತ್ತದೆ, ಸಾಲಿನ ನಡುವೆ ಪಾತಿಯ ಅಂಚನ್ನೂ ತುಳಿಯುತ್ತದೆ. ಮೊದಲಿದ್ದ ಅಳತೆಯನ್ನೇ ಹಾಕಿಸಿ. ಜೋಡಿಸುವಾಗ ಟೈರಿನ ಪಕ್ಕದ ಬಾಣದ ಗುರುತು ಮುಂದಕ್ಕೆ ಓಡುವಾಗ ಚಕ್ರ ತಿರುಗುವ ದಿಕ್ಕಿಗೇ ಇದೆಯೇ ಎಂದು ನೀವೇ ನಿಂತು ನೋಡಿ.