ಕಟ್ಟಿ ಹಾಕಿದ ಬೋಟಿನಿಂದ ಬಂದ ಫೋನು

"ಫೋನಲ್ಲೇ ಆಗತ್ತಾ, ಇಲ್ಲಾ ಬರಲೇಬೇಕಾ?" ಆಪ್ತಸಲಹೆಗೆ ಬರುವವರಲ್ಲಿ ಯಾರಾದರೂ ಈ ಪ್ರಶ್ನೆ ಕೇಳದೆ ಈಗಲೂ ನನ್ನ ವಾರ ಮುಗಿಯುವುದಿಲ್ಲ. ಮೊದಲೆಲ್ಲ ತಟ್ಟನೆ ಹೇಳಿಬಿಡುತ್ತಿದ್ದೆ: ಬನ್ನಿ, ಎದುರು ಕೂತು ಮಾತಾಡೋಣ. 2021ರ ಮಳೆಗಾಲದ ನಂತರ ಹಾಗೆ ಹೇಳೋಕೆ ನಾಲಿಗೆ ತಡವರಿಸುತ್ತದೆ.

ಅವರು ಕಾರವಾರ ಕಡೆಯ ಒಬ್ಬ ತಾಂಡೇಲರು. ಬೋಟು ನಡೆಸುವವರು, ನಲವತ್ತು ದಾಟಿದವರು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯೂ ಇದೆ. ಕೊರೊನಾದ ಎರಡನೇ ಅಲೆಯಲ್ಲಿ ಅವರ ತಮ್ಮ ತೀರಿಕೊಂಡಿದ್ದ. ಆಮೇಲೆ ಇವರಿಗೆ ನಿದ್ದೆಯೇ ಬರದಾಯಿತು. ಸಂಬಂಧಿಯೊಬ್ಬರು ನನ್ನ ನಂಬರು ಕೊಟ್ಟಿದ್ದರು.

ಲಾಕ್‌ಡೌನಿನ ದಿನಗಳು. ಮೊದಲ ಮೂರು ಸಲ ಮನೆಯಿಂದಲೇ ಫೋನಿನಲ್ಲಿ ಮಾತಾಡಿದರು. ಮಾತಾಡಿದರು ಅನ್ನುವುದೇ ಜಾಸ್ತಿ. "ಹೂಂ." "ಅಡ್ಡಿಲ್ಲ." "ಊಟ ಆಯ್ತು." ಇಪ್ಪತ್ತು ನಿಮಿಷಕ್ಕೆ ಇಬ್ಬರಿಗೂ ಸಾಕಾಗುತ್ತಿತ್ತು. ಇಂಥ ಗಂಡಸರಿಗೆ ಫೋನು ಆಗಿಬರುವುದಿಲ್ಲ ಎಂದು ನಾನೇ ತೀರ್ಮಾನ ಮಾಡಿಕೊಂಡೆ. ಜೂನ್ ಕೊನೆಗೆ ಓಡಾಟಕ್ಕೆ ಸ್ವಲ್ಪ ಸಡಿಲ ಸಿಕ್ಕ ಕೂಡಲೇ ಒತ್ತಾಯ ಮಾಡಿ ಕರೆಸಿದೆ.

ಬಂದರು. ಗಾಳಿ ಆಡಲಿ ಎಂದು ಎರಡೂ ಕಿಟಕಿ ತೆರೆದಿಟ್ಟಿದ್ದೆ. ಕುರ್ಚಿಗಳ ನಡುವೆ ಆರಡಿ. ಇಬ್ಬರ ಬಾಯಿಗೂ ಮಾಸ್ಕು. ಹೊರಗೆ ಪಕ್ಕದ ಮನೆಯ ತಗಡಿನ ಮಾಡಿನ ಮೇಲೆ ಮಳೆ. ಕಾರವಾರದ ಮಳೆ ಗೊತ್ತಲ್ಲ, ವರ್ಷದ ಅರ್ಧಕ್ಕಿಂತ ಜಾಸ್ತಿ ಜೂನ್, ಜುಲೈನಲ್ಲೇ ಸುರಿದು ಮುಗಿಯುತ್ತದೆ. ಅವರು ಏನೋ ಹೇಳುತ್ತಿದ್ದರು, ನಾನು "ಆಂ?" ಅನ್ನುತ್ತಿದ್ದೆ. "ಸ್ವಲ್ಪ ಜೋರಾಗಿ ಹೇಳಿ" ಎಂದೆ. ತಮ್ಮನ ಸಾವಿನ ಬಗ್ಗೆ ಜೋರಾಗಿ ಹೇಳಿ ಅಂತ! ಆಪ್ತಸಲಹೆಯ ಹೆಸರಿನಲ್ಲಿ ಇಬ್ಬರೂ ಕೂಗಾಡುತ್ತಿದ್ದೆವು.

ಅರ್ಧ ಗಂಟೆ ಹೀಗೇ ಹೋಯಿತು. ಅವರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು.

"ಅಕ್ಕೋರೇ, ಬೇಜಾರು ಮಾಡ್ಕಬೇಡಿ. ಇಲ್ಲಿಂದ ಹೋದ್ಮೇಲೆ ಎಂಟು ದಿನ ನಾ ಆಯಿ ಹತ್ರ ಹೋಗೂದಿಲ್ಲ. ಹೊರಗೆ ಜಗಲೀಲೇ ಮಲಗ್ತೆ. ಮತ್ತೊಬ್ಬರಿಗೆ ತಕಂಡು ಹೋಗೂಕೆ ನನ್ನಿಂದ ಆಗೂದಿಲ್ಲ."

ಮತ್ತೊಬ್ಬರಿಗೆ. ಆ ಒಂದು ಮಾತಿಗೆ ನನ್ನ ಪೆನ್ನು ನಿಂತಿತು. ಹಾಗಾದರೆ ಮೊದಲನೆಯವರು ಯಾರು? ಕೇಳಬೇಕಾಗಿರಲಿಲ್ಲ. ಸೋಂಕನ್ನು ಮನೆಗೆ ಒಯ್ದೆ ಎಂದು ಕೊರಗುತ್ತಿದ್ದ ಮನುಷ್ಯನನ್ನು ನಾನು "ಎದುರು ಬಂದರೇ ಒಳ್ಳೆಯದು" ಎಂದು ಬಸ್ಸು ಹತ್ತಿಸಿದ್ದೆ. ಅವರಿಗೆ ಯಾವುದು ನೋವೋ ಅದನ್ನೇ ಮತ್ತೆ ಮಾಡಿ ಅಂದಂತೆ ಆಯಿತು.

"ಮನೇಲಿ ಫೋನು ಹಿಡದ್ರೆ ಆಯಿ ಒಂದ್ ಬದಿ, ತಮ್ಮನ ಹೆಂಡ್ತಿ ಒಂದ್ ಬದಿ. ಬೋಟಿಂದ ಮಾಡ್ಲಾ?"

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಸಮುದ್ರಕ್ಕೆ ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ. ಬೋಟುಗಳೆಲ್ಲ ಬಂದರಿನಲ್ಲಿ ಸಾಲಾಗಿ ಕಟ್ಟಿಕೊಂಡಿರುತ್ತವೆ. ದೂರದ ರಾಜ್ಯಗಳ ಕಲಾಸಿಗಳು, ಅಂದರೆ ಬೋಟಿನ ಕೆಲಸದವರು, ಊರಿಗೆ ಹೋಗಿರುತ್ತಾರೆ. ಕ್ಯಾಬಿನ್ನಿನೊಳಗೆ ಯಾರೂ ಇರುವುದಿಲ್ಲ.

ಆಗಲಿ ಎಂದೆ. ಹಿರಿಯ ಸಹೋದ್ಯೋಗಿಯೊಬ್ಬರಿಗೆ ಇದನ್ನು ಹೇಳಿದಾಗ ಸಿಟ್ಟಾದರು. "ನಿದ್ದೆಗೆಟ್ಟ ಮನುಷ್ಯ, ತಮ್ಮನ್ನ ಕಳಕೊಂಡವನು, ಒಬ್ಬನೇ ನೀರಿನ ಮೇಲೆ. ನಿನಗೆ ತಲೆ ಸರಿ ಇದೆಯಾ?" ಅವರ ಹೆದರಿಕೆ ಸುಳ್ಳಲ್ಲ. ಆದರೆ ಬೋಟು ಬೇಡ ಅಂದರೆ ಆ ಹೆದರಿಕೆ ಎಲ್ಲಿಗೂ ಹೋಗುವುದಿಲ್ಲ. ನಾನು ಬೇಡ ಅಂದರೂ ತಾಂಡೇಲರು ದಿನಾ ಅಲ್ಲಿಗೇ ಹೋಗುತ್ತಿದ್ದರು, ಒಬ್ಬರೇ. ಹೋಗುವಾಗ ಫೋನಿನ ಆ ಕಡೆ ಒಬ್ಬಳು ಇರಲಿ ಎಂದು ನಾನು ನೋಡಿದೆ. ಈ ವಿಷಯದಲ್ಲಿ ಆ ಸಹೋದ್ಯೋಗಿಯೂ ನಾನೂ ಇನ್ನೂ ಒಮ್ಮತಕ್ಕೆ ಬಂದಿಲ್ಲ.

ಸುಮ್ನೆ ಒಪ್ಪಲಿಲ್ಲ ಅನ್ನುವುದನ್ನೂ ಹೇಳಬೇಕು. ಅವತ್ತೇ, ಆ ಮಳೆಯ ಸದ್ದಿನಲ್ಲೇ, ಸಾಯಬೇಕು ಅನ್ನಿಸುತ್ತದಾ ಎಂದು ನೇರವಾಗಿ ಕೇಳಿದೆ. ಹಾಗೆ ಕೇಳಿದರೆ ತಲೆಗೆ ಇಲ್ಲದ್ದನ್ನು ತುಂಬಿದ ಹಾಗಾಗುತ್ತದೆ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಆಗುವುದಿಲ್ಲ. ಕೇಳಿದವರ ಹತ್ತಿರ ಜನ ಹಗುರಾಗಿ ಮಾತಾಡುತ್ತಾರೆ. "ಹಂಗೆಂತಾ ಇಲ್ಲ, ಎದ್ದೇಳೂದೇ ಬೇಡ ಅನ್ನಿಸ್ತದೆ" ಎಂದರು. ಕರಾರು ಮಾಡಿಕೊಂಡೆವು. ಹಗಲಲ್ಲೇ ಮಾತು. ಕುಡಿದ ದಿನ ಬೇಡ. ಬಂದರಿನ ಧಕ್ಕೆಯಲ್ಲಿ ಬಲೆ ಹೊಲಿಯುವ ಗೆಳೆಯನಿಗೆ ಗೊತ್ತಿರಬೇಕು, ಅವನ ನಂಬರು ನನ್ನ ಹತ್ತಿರ ಇರಬೇಕು. ಲೈನ್ ಕಟ್ಟಾದರೆ ಐದು ನಿಮಿಷದೊಳಗೆ ನಾನೇ ಮಾಡುತ್ತೇನೆ, ಎತ್ತದಿದ್ದರೆ ಗೆಳೆಯನಿಗೆ ಫೋನು. ನಿದ್ದೆಗೆ ಡಾಕ್ಟರನ್ನು ಕಾಣಲೇಬೇಕು. (ಆಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ಇರಲಿಲ್ಲ. 2022ರ ಅಕ್ಟೋಬರಿನಲ್ಲಿ ಶುರುವಾಯಿತು. 14416ಕ್ಕೆ ಯಾವ ಹೊತ್ತಿಗೂ ಪುಕ್ಕಟೆ ಫೋನು ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.)

ಬೋಟಿನಿಂದ ಎರಡನೇ ಸಲ ಫೋನು ಬಂದಾಗ ಹತ್ತು ನಿಮಿಷ ಅದೇ ಹೂಂ, ಹಾಂ. ಆಮೇಲೆ "ತಡೀರಿ ಅಕ್ಕೋರೇ, ಮಳೆ ನೀರು ತುಂಬದೆ, ತೆಗೀಬೇಕು" ಅಂದರು. ಫೋನನ್ನು ಎಲ್ಲೋ ಇಟ್ಟ ಸದ್ದು. ಡಬ್ಬಿಯಲ್ಲಿ ನೀರು ಗೋರುವ ಸದ್ದು, ಹೊರಗೆ ಚೆಲ್ಲುವ ಸದ್ದು. ಗೋರು, ಚೆಲ್ಲು. ನಾನು ಕಾದೆ. ಗೋರುತ್ತಲೇ ಮಾತು ಶುರುವಾಯಿತು. ಏಪ್ರಿಲಿನ ಕೊನೆಯ ಟ್ರಿಪ್ಪು. ಕಲಾಸಿ ಒಬ್ಬನಿಗೆ ಕೆಮ್ಮಿತ್ತು. ತಮ್ಮ ವಾಪಸ್ ಹೋಗೋಣ ಅಂದಿದ್ದ. ಎಂತದೂ ಇಲ್ಲ, ಥಂಡಿ ಅಷ್ಟೇ ಎಂದು ಇವರೇ ಬೋಟು ಮುಂದೆ ಬಿಟ್ಟಿದ್ದರು. ಡಬ್ಬಿಯ ಸದ್ದು ನಿಂತಿತು. ತುಂಬ ಹೊತ್ತು ಮಳೆಯೊಂದೇ ಕೇಳುತ್ತಿತ್ತು. ಆಮೇಲೆ ಅವರು ಅಳುವುದು ಕೇಳಿತು.

"ನಿಮ್ಮ ತಪ್ಪಲ್ಲ" ಎಂದು ನಾನು ಹೇಳಲಿಲ್ಲ. ಆ ಮಾತನ್ನು ಅವರಿಗೆ ಊರೆಲ್ಲ ಹೇಳಿಯಾಗಿತ್ತು. ಮುಂದಿನ ಮೂರು ವಾರ ಆ ಟ್ರಿಪ್ಪನ್ನು ದಿನ ದಿನ ಬಿಡಿಸಿ ಹೇಳಿಸಿದೆ. ತಮ್ಮ ಆ ವಾರ ಮದುವೆ ಮನೆಗೂ ಹೋಗಿದ್ದ, ಪೇಟೆಗೂ ಹೋಗಿದ್ದ. ಲಕ್ಷಣ ಕಾಣುವ ಒಂದೆರಡು ದಿನ ಮೊದಲೇ ಈ ಸೋಂಕು ಹರಡುತ್ತದೆ. ಯಾರಿಂದ ಯಾರಿಗೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. "ಬೋಟು ತಿರುಗಿಸಬೇಕಿತ್ತು" ಅನ್ನುವುದು ಅವರ ಪಾಲಿಗೆ ಉಳಿಯಿತು. "ನಾನೇ ಕೊಂದೆ" ಅನ್ನುವುದು ಅಷ್ಟಷ್ಟೇ ಬಿಟ್ಟುಹೋಯಿತು.

ಅದಕ್ಕೇ ಈಗ ಯಾರಾದರೂ ಕೇಳಿದರೆ ಮೊದಲು ನಾನೇ ಪ್ರಶ್ನೆ ಹಾಕುತ್ತೇನೆ. ನೀವು ಕೂತು ಮಾತಾಡುವ ಜಾಗ ಯಾವುದು? ಮಾತು ಯಾರ ಕಿವಿಗೆ ಬೀಳುತ್ತದೆ? ಮನೆಯಲ್ಲಿ ವಯಸ್ಸಾದವರು, ಕಾಯಿಲೆಯವರು ಇದ್ದಾರಾ? ಖಿನ್ನತೆ, ಆತಂಕಗಳಿಗೆ ವೀಡಿಯೋದಲ್ಲಿ ಮಾಡಿದ ಚಿಕಿತ್ಸೆ ಎದುರು ಕೂತಿದ್ದಕ್ಕಿಂತ ಹೆಚ್ಚೇನೂ ಕಡಿಮೆ ಅಲ್ಲ ಎಂದು ಕೊರೊನಾ ಬರುವ ಮೊದಲೇ ಅಧ್ಯಯನಗಳು ಹೇಳಿದ್ದವು. ಆದರೆ ನಡುಮನೆಯಲ್ಲಿ ಟೀವಿ ಸದ್ದು ಜೋರು ಮಾಡಿ ಪಿಸುಗುಟ್ಟುವ ಸೊಸೆಗೆ ಆ ಅಧ್ಯಯನದಿಂದ ಏನು ಉಪಯೋಗ? ಅಂಥವಳಿಗೆ ಬನ್ನಿ ಅನ್ನುತ್ತೇನೆ, ಜ್ವರದ ಕಾಲದಲ್ಲೂ, ಮಾಸ್ಕು ಹಾಕಿಕೊಂಡು. ಹೊಡೆತ ತಿನ್ನುವ ಮನೆಯಿಂದ ವೀಡಿಯೋ ಕಾಲ್ ಮಾಡಿ ಎಂದು ಯಾವತ್ತೂ ಹೇಳುವುದಿಲ್ಲ. ಘಟ್ಟದ ಮೇಲೆ ಸಿಗ್ನಲ್ಲಿಗಾಗಿ ಗುಡ್ಡ ಹತ್ತುವ ಹುಡುಗನಿಗೆ ವೀಡಿಯೋ ಬಿಡು, ಬರೀ ಫೋನು ಸಾಕು ಅನ್ನುತ್ತೇನೆ. ಗುಡ್ಡದಲ್ಲಿ ಕೇಳುವವರು ಯಾರೂ ಇಲ್ಲ.

ಆಗಸ್ಟ್ 1ಕ್ಕೆ ಬೋಟು ಹೊರಟಿತು. ನಡು ಸಮುದ್ರದಲ್ಲಿ ಸಿಗ್ನಲ್ ಎಲ್ಲಿ? ಎರಡೂ ಡೋಸು ಆದಮೇಲೆ, ಮಳೆ ನಿಂತಮೇಲೆ, ತಾಂಡೇಲರು ತಾವಾಗಿಯೇ ಬಂದರು. ಅದೇ ಕುರ್ಚಿ, ಅದೇ ಕಿಟಕಿ. ಕೈ ಎಲ್ಲಿಡುವುದೆಂದು ಗೊತ್ತಾಗದೆ ಚಡಪಡಿಸುತ್ತಿದ್ದರು, ಮಾತು ಮತ್ತೆ ಹೂಂ, ಹಾಂ. ಮುಂದಿನ ಸಲ ಬಂದಾಗ ಕೈಯಲ್ಲೊಂದು ಚೀಲ. ಒಳಗೆ ಹರಿದ ಬಲೆಯ ತುಂಡು, ನೂಲು.

"ಅಡ್ಡಿಲ್ವಾ ಅಕ್ಕೋರೇ?" ಎಂದು ಕೇಳಿ ತೊಡೆಯ ಮೇಲೆ ಹರವಿಕೊಂಡರು.