ಸಿಗಡಿ ಅಲರ್ಜಿ ಇದ್ದರೆ ಸೋಲ್‌ನಲ್ಲಿ ತೊಕ್‌ಬೊಕ್ಕಿ ತಿನ್ನಬಹುದೇ?

ಮಗಳಿಗೆ ಸಿಗಡಿ ಅಲರ್ಜಿ, ದಕ್ಷಿಣ ಕೊರಿಯಾದ ಸೋಲ್‌ನ ಗ್ವಾಂಗ್‌ಜಾಂಗ್ ಮಾರುಕಟ್ಟೆಯಲ್ಲಿ ತೊಕ್‌ಬೊಕ್ಕಿ ಕೊಡಿಸಬಹುದೇ ಎಂದು ಕೇಳಿದ್ದೀರಿ. ನಾನಾದರೆ ಬೇಡ ಎನ್ನುತ್ತೇನೆ. ತೊಕ್‌ಬೊಕ್ಕಿಯಲ್ಲಿ ಅಕ್ಕಿಹಿಟ್ಟಿನ ತುಂಡುಗಳ ಜೊತೆ ಕೆಂಪು ಗೊಜ್ಜಿನಲ್ಲಿ ಬೇಯುವ ಮೀನಿನ ಹಾಳೆ ‘ಒಮುಕ್’ನಲ್ಲಿ ಸಿಗಡಿ ಬೆರೆತಿರಬಹುದು. ಕಡ್ಡಿಗೆ ಚುಚ್ಚಿದ ಒಮುಕ್ ಕುದಿಯುವ ಸಾರಿನಲ್ಲಂತೂ ಎಷ್ಟೋ ಕಡೆ ಏಡಿಯೇ ತೇಲುತ್ತಿರುತ್ತದೆ. ಹೆಸರುಬೇಳೆಯ ಬಿಂದೆತೊಕ್ ನಮ್ಮ ಪೆಸರಟ್ಟಿನ ನೆಂಟನಂತೆ ಕಂಡು ಮೋಸ ಮಾಡುತ್ತದೆ: ಹಿಟ್ಟಿಗೆ ಕಿಮ್ಚಿ (ಹುಳಿಬರಿಸಿದ ಖಾರದ ತರಕಾರಿ) ಸೇರಿಸುವುದುಂಟು, ಕಿಮ್ಚಿಗೆ ಉಪ್ಪುಸಿಗಡಿ ಹಾಕುವುದು ಅಲ್ಲಿನ ರೂಢಿ. ಕರಿದ ತಿಂಡಿಗಳಿಗೆಲ್ಲ ಒಂದೇ ಎಣ್ಣೆ ಇರಬಹುದು, ಬಿಟ್ಟುಬಿಡಿ. ಸುಟ್ಟ ಗೆಣಸು ಸಿಕ್ಕರೆ ಧಾರಾಳವಾಗಿ ಕೊಡಿಸಿ.

ಸಿಗಡಿ, ಏಡಿ, ಉಪ್ಪುಸಿಗಡಿ ಮೂರನ್ನೂ ಹೆಸರಿಸಿ, ಸಾರಿನಲ್ಲೂ ಇರಬಾರದೆಂದು ಕೊರಿಯನ್ ಲಿಪಿಯಲ್ಲಿ ಬರೆಸಿದ ಚೀಟಿ ತೋರಿಸಿ. ಅಂಗಡಿಯಾಕೆ ತಡವರಿಸಿದರೆ ಮುಂದೆ ನಡೆಯಿರಿ. ವೈದ್ಯರು ಕೊಟ್ಟ ಅಡ್ರಿನಲಿನ್ ಇಂಜೆಕ್ಷನ್ ಹೋಟೆಲ್ ಕೋಣೆಯಲ್ಲಲ್ಲ, ಕೈಚೀಲದಲ್ಲಿರಲಿ. ಆಂಬುಲೆನ್ಸ್ ಸಂಖ್ಯೆ 119.