ಇಳಿದದ್ದೆಷ್ಟು ಅಡಿ? ಡಿಸೆಂಬರ್ ಹಿಮದ ಲೆಕ್ಕಾಚಾರ

ಪ್ರಶ್ನೆ: ಪುತ್ತರಿ ಮುಗಿಸಿ, ರೋಬಸ್ಟಾ ಕುಯ್ಲಿಗೆ ಮೊದಲು, ಡಿಸೆಂಬರ್ ನಡುವಿನಲ್ಲಿ ಮನೆಯವರೆಲ್ಲ ಸ್ಕೀಯಿಂಗ್ ಕಲಿಯಲು ಗುಲ್ಮಾರ್ಗ್‌ಗೆ ಹೊರಟಿದ್ದೇವೆ. ಸೇನೆಯಲ್ಲಿರುವ ಅಣ್ಣನ ಮಗ ಅಲ್ಲಿ ಒಂದೇ ದಿನ 20,000 ವರ್ಟಿಕಲ್ ಅಡಿ ಇಳಿದೆ ಎನ್ನುತ್ತಾನೆ. ಇದು ಯಾವ ಲೆಕ್ಕ? ನಮ್ಮಿಂದ ಎಷ್ಟಾದೀತು? ಆ ಹೊತ್ತಿಗೆ ಹಿಮ ಸಾಕಷ್ಟು ಇರುತ್ತದೆಯೇ?
– ಕಾಫಿ ಬೆಳೆಗಾರರು, ವಿರಾಜಪೇಟೆ

ಉತ್ತರ: ವರ್ಟಿಕಲ್ ಅಡಿ ಎಂದರೆ ಜಾರಿದ ದಾರಿಯ ಉದ್ದವಲ್ಲ, ಸ್ಕೀ ಮೇಲೆ ನಿಂತು ಕಳೆದುಕೊಂಡ ಎತ್ತರ. ಮಡಿಕೇರಿಯಿಂದ ಸಂಪಾಜೆಗೆ ಘಾಟಿ ರಸ್ತೆ ಎಷ್ಟೇ ಸುತ್ತಿದರೂ ಇಳಿತ ಹತ್ತಿರ ಹತ್ತಿರ ಸಾವಿರ ಮೀಟರೇ ಅಲ್ಲವೇ, ಹಾಗೆ. ಗೊಂಡೊಲಾದಲ್ಲಿ, ಅಂದರೆ ಕೇಬಲ್ ಕಾರಿನಲ್ಲಿ, ಕೂತು ಹತ್ತಿದ್ದು ಲೆಕ್ಕಕ್ಕಿಲ್ಲ, ಕೂತು ಇಳಿದದ್ದೂ ಇಲ್ಲ.

ಗುಲ್ಮಾರ್ಗ್ ಬಯಲು ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಗೊಂಡೊಲಾದ ಮೊದಲ ಹಂತ ಕೊಂಗ್‌ಡೂರಿಗೆ, ಸುಮಾರು 3,080 ಮೀಟರ್‌ಗೆ ಒಯ್ಯುತ್ತದೆ. ಎರಡನೆಯ ಹಂತ ಅಫರ್ವಾತ್ ಬೆಟ್ಟದ ಮೇಲೆ ಸುಮಾರು 3,950 ಮೀಟರ್‌ವರೆಗೆ. ಹಾಗಾಗಿ ಮೊದಲ ಹಂತದ ಒಂದು ಇಳಿತ 430 ಮೀಟರ್, ಅಂದರೆ 1,410 ಅಡಿ. ಎರಡನೆಯ ಹಂತದ್ದು 870 ಮೀಟರ್, 2,850 ಅಡಿಯಷ್ಟು. 20,000 ಅಡಿ ಆಗಬೇಕಾದರೆ ಮೊದಲ ಹಂತದಲ್ಲಿ ಸುಮಾರು ಹದಿನಾಲ್ಕು ಸುತ್ತು, ಎರಡನೆಯದರಲ್ಲಾದರೆ ಸುಮಾರು ಏಳು. ನುರಿತವರಿಗೆ, ಮೇಲಿನ ಹಂತ ತೆರೆದಿದ್ದು ಸರದಿ ಸಾಲು ಚಿಕ್ಕದಿದ್ದ ದಿನ, ಏಳು ಸುತ್ತು ಆಗುವಂಥದ್ದೇ.

ಕಲಿಯುವವರ ಲೆಕ್ಕ ಬೇರೆ. ನೀವು ಅಭ್ಯಾಸ ಮಾಡುವ ಇಳಿಜಾರಿನ ಎತ್ತರ 30 ಮೀಟರ್ ಎಂದಿಟ್ಟುಕೊಳ್ಳಿ. ಹದಿನೈದು ಬಾರಿ ಇಳಿದರೆ 450 ಮೀಟರ್, 1,476 ಅಡಿ. ಮೊದಲ ಮೂರು ದಿನಕ್ಕೆ ಇದು ಒಳ್ಳೆಯ ದುಡಿಮೆ. ಅಡಿ ಹೆಚ್ಚಿಸುವ ಆಸೆಗೆ ಬಿದ್ದು, ತಿರುಗುವುದನ್ನೂ ನಿಲ್ಲುವುದನ್ನೂ ಕಲಿಯದೆ ಕೊಂಗ್‌ಡೂರಿಗೆ ಹೋಗಬೇಡಿ.

ಇನ್ನು ಹಿಮ. ಕಾಶ್ಮೀರದ ಕಡುಚಳಿಯ ನಲವತ್ತು ದಿನ, ಚಿಲ್ಲೈ ಕಲಾನ್, ಶುರುವಾಗುವುದೇ ಡಿಸೆಂಬರ್ 21ಕ್ಕೆ. ನೀವು ಹೋಗುವುದು ಅದಕ್ಕೂ ಮೊದಲು. ತೆಳು ಹಿಮಕ್ಕೆ ಮನಸ್ಸು ಸಿದ್ಧಮಾಡಿಕೊಂಡೇ ಹೊರಡಿ. ಒಂದು ಅಡಿ ಹೊಸ ಹಿಮ ಒತ್ತಿದ ಮೇಲೆ ನಾಲ್ಕೈದು ಇಂಚಿಗೆ ಇಳಿಯುತ್ತದೆ. ಕಲಿಯುವವರ ಜಾಗ ಹುಲ್ಲುಗಾವಲಾದ್ದರಿಂದ ಅಷ್ಟಿದ್ದರೂ ನಡೆದೀತು. ಮೇಲೆ ಬಂಡೆ, ಮರದ ಬೊಡ್ಡೆ ಇರುವೆಡೆ ಒಂದು ಮೀಟರ್ ಇದ್ದರೂ ಹೆಚ್ಚಲ್ಲ. ಹೊಸ ಹಿಮ ಬಂಡೆಯನ್ನು ಮುಚ್ಚುತ್ತದೆ, ಆದರೆ ನಿಮ್ಮ ತೂಕ ಹೊರುವುದಿಲ್ಲ. ಸ್ಕೀ ಒಳಗಿಳಿದು ಕಲ್ಲಿಗೆ ತಾಗಿದರೆ ತಳ ಸೀಳುತ್ತದೆ, ಮುಂದಕ್ಕೆ ಮುಗ್ಗರಿಸುತ್ತೀರಿ.

ಇದಕ್ಕಿಂತ ದೊಡ್ಡ ಅಪಾಯ ಕಣ್ಣಿಗೆ ಕಾಣುವುದಿಲ್ಲ. ಮೊದಲು ಬಿದ್ದ ತೆಳುಪದರದ ಕೆಳಗೆ ನೆಲ ಬೆಚ್ಚಗಿರುತ್ತದೆ, ಮೇಲೆ ಬಯಲಾದ ಆಕಾಶದ ರಾತ್ರಿ ಚಳಿ. ಈ ವ್ಯತ್ಯಾಸದಿಂದ ಹಿಮದ ಕಣಗಳು ಸಕ್ಕರೆ ಹರಳಿನಂತೆ ಬಿಡಿಬಿಡಿಯಾಗಿ, ಒಂದಕ್ಕೊಂದು ಅಂಟುವುದನ್ನು ಬಿಡುತ್ತವೆ. ಅದರ ಮೇಲೆ ದೊಡ್ಡ ಹಿಮ ಬಿದ್ದಾಗ ಇಡೀ ಹಿಮದ ಪದರವೇ ಹಲಗೆಯಂತೆ ಜಾರುತ್ತದೆ. ಅದೇ ಹಿಮಕುಸಿತ. ಅಫರ್ವಾತ್‌ನಲ್ಲಿ ಗಸ್ತಿನವರು ಮುಚ್ಚಿದ ಕಡೆ ಯಾರ ಸ್ಕೀ ಗುರುತು ಕಂಡರೂ ಹಿಂಬಾಲಿಸಬೇಡಿ.

ಬಾಡಿಗೆ ಸ್ಕೀ ಒಪ್ಪಿಕೊಳ್ಳುವ ಮೊದಲು ತಳದ ಮೇಲೆ ಅಂಗೈ ಸವರಿ ನೋಡಿ, ಆಳವಾದ ಸೀಳು ಸಿಕ್ಕರೆ ಬೇರೆ ಕೇಳಿ. ಉಕ್ಕಿನ ಅಂಚಿಗೆ ಉಗುರಿನ ಬೆನ್ನನ್ನು ಅಡ್ಡಲಾಗಿ ಎಳೆದರೆ ಸಣ್ಣ ಪುಡಿ ಏಳಬೇಕು. ಏಳದಿದ್ದರೆ ಅಂಚು ಮೊಂಡಾಗಿದೆ, ಗಟ್ಟಿ ಹಿಮದಲ್ಲಿ ಹಿಡಿಯುವುದಿಲ್ಲ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಬಿಗಿ ಮಾಡುವಾಗ ತೂಕ, ಎತ್ತರ, ವಯಸ್ಸು ಸರಿಯಾಗಿ ಹೇಳಿ, ಹೊಸಬರು ಎನ್ನುವುದನ್ನೂ ಹೇಳಿ. ಸಂಕೋಚಕ್ಕೆ ತೂಕ ಕಡಿಮೆ ಹೇಳಿದರೆ ಬೂಟು ಬೇಡದ ಹೊತ್ತಲ್ಲಿ ಕಳಚುತ್ತದೆ. ಅತಿ ಬಿಗಿಯಾದರೆ ಬಿದ್ದಾಗ ಕಳಚದೆ ಮೊಣಕಾಲು ತಿರುಚುತ್ತದೆ.

ಪ್ರಶ್ನೆ: ಕಳೆದ ಫೆಬ್ರವರಿಯಲ್ಲಿ ನಾವಿಬ್ಬರು ಒಂದೇ ಇಳಿಜಾರಿನಲ್ಲಿ ಜೊತೆಯಾಗಿ ಇಳಿದೆವು. ನನ್ನ ಫೋನ್ 6,100 ಅಡಿ ಎಂದರೆ ಗೆಳತಿಯದು 7,400 ತೋರಿಸಿತು. ಯಾವುದು ಸರಿ?
– ಓದುಗರು, ಮಡಿಕೇರಿ

ಉತ್ತರ: ಎರಡನ್ನೂ ಬಿಟ್ಟು, ಇಳಿಜಾರಿನ ಎತ್ತರವನ್ನು ನಿಮ್ಮ ಸುತ್ತುಗಳಿಂದ ಗುಣಿಸಿ. ಅದಕ್ಕಿಂತ ನಂಬಬಹುದಾದ ಲೆಕ್ಕ ಇಲ್ಲ.

ಜಿಪಿಎಸ್‌ಗೆ ಜಾಗ ಗುರುತಿಸುವುದಕ್ಕಿಂತ ಎತ್ತರ ಗುರುತಿಸುವುದು ಕಷ್ಟ. ಉಪಗ್ರಹಗಳೆಲ್ಲ ಇರುವುದು ನಮ್ಮ ಮೇಲ್ಗಡೆ ಮಾತ್ರ, ಕೆಳಗಿನಿಂದ ಅಳೆಯಲು ಯಾವುದೂ ಇಲ್ಲ. ನಿಂತಲ್ಲೇ ನಿಂತಿದ್ದರೂ ಎತ್ತರ ಐದು ಮೀಟರ್ ಏರುತ್ತದೆ, ಐದು ಇಳಿಯುತ್ತದೆ. ಆ್ಯಪ್ ಅದನ್ನೂ ಇಳಿತವೆಂದು ಕೂಡುತ್ತಾ ಹೋದರೆ ದಿನದ ಕೊನೆಗೆ ಸಾವಿರ ಅಡಿ ಹೆಚ್ಚುವರಿ. ವಾಯುಭಾರ ಅಳೆಯುವ ಸೆನ್ಸರ್ ಇರುವ ಫೋನ್ ಇದಕ್ಕಿಂತ ಸ್ಥಿರ, ಆದರೆ ಹವೆ ಕೆಟ್ಟರೆ ಅದೂ ತಪ್ಪುತ್ತದೆ: 3,000 ಮೀಟರ್ ಎತ್ತರದಲ್ಲಿ ಒತ್ತಡ ಒಂದು ಮಿಲಿಬಾರ್ ಬದಲಾದರೆ ಫೋನಿಗೆ ಅದು 11 ಮೀಟರ್ ಎತ್ತರದಂತೆ ಕಾಣುತ್ತದೆ.

ಊರಲ್ಲೇ ಪರೀಕ್ಷೆ ಮಾಡಬಹುದು. ಕಕ್ಕಬ್ಬೆಯ ನಾಲ್ಕುನಾಡು ಅರಮನೆ ಬಳಿ ಆ್ಯಪ್ ಚಾಲೂ ಮಾಡಿ ತಡಿಯಂಡಮೋಳ್ ಹತ್ತಿ, ಅದೇ ಜಾಗಕ್ಕೆ ಮರಳಿ. ತುದಿ 1,748 ಮೀಟರ್. ಹೊರಟಲ್ಲಿಗೇ ಬಂದಿದ್ದೀರಿ, ಆದ್ದರಿಂದ ಏರಿಕೆ, ಇಳಿತ ಎರಡೂ ಸಮ ಇರಬೇಕು. ಹತ್ತುವ ದಾರಿಯಲ್ಲಿ ಅಲ್ಲಲ್ಲಿ ಇಳಿಯುವುದೂ ಇದೆ, ಅದನ್ನು ನೆನಪಿಡಿ. ಆದರೂ ಒಟ್ಟು ಇಳಿತ, ತುದಿಗೂ ಬುಡಕ್ಕೂ ಇರುವ ಅಂತರಕ್ಕಿಂತ ತೀರಾ ದೊಡ್ಡದಿದ್ದರೆ ಆ್ಯಪ್ ಸಣ್ಣ ಏರಿಳಿತಗಳನ್ನು ಸೋಸುತ್ತಿಲ್ಲ ಎಂದರ್ಥ. ಹಿಮದಲ್ಲಿ ಗೊಂಡೊಲಾದಲ್ಲಿ ಕೆಳಗಿಳಿಯುವಾಗ ರೆಕಾರ್ಡಿಂಗ್ ನಿಲ್ಲಿಸಿ. ಫೋನ್ ಒಳಜೇಬಿನಲ್ಲಿರಲಿ, ಚಳಿಗೆ ಬ್ಯಾಟರಿ ದಿಢೀರನೆ ಸತ್ತುಹೋಗುತ್ತದೆ.

ಪ್ರಶ್ನೆ: ತೊಡೆ ನೋವು ಬಾರದಂತೆ ಈಗಿನಿಂದ ಏನು ಮಾಡಬೇಕು?
– ವಿದ್ಯಾರ್ಥಿ, ಸೋಮವಾರಪೇಟೆ

ಉತ್ತರ: ಬೆಟ್ಟ ಹತ್ತುವುದಕ್ಕಿಂತ ಇಳಿಯುವುದನ್ನು ಅಭ್ಯಾಸ ಮಾಡಿ. ಸ್ಕೀಯಿಂಗ್‌ನಲ್ಲಿ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು, ಆ ಕೆಲಸವೇ ಮರುದಿನದ ನೋವಿಗೆ ಕಾರಣ. ಹೊರಡುವ ಆರು ವಾರ ಮೊದಲು ಶುರುಮಾಡಿ, ವಾರಕ್ಕೆ ಮೂರು ದಿನ ಬಸ್ಕಿ: ನಾಲ್ಕು ಎಣಿಸುತ್ತಾ ಕೆಳಗೆ, ಒಂದಕ್ಕೆ ಮೇಲೆ, ಹತ್ತರಂತೆ ಮೂರು ಸುತ್ತು. ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಲ್ಲಿ ಕೂತಂತೆ 30 ಸೆಕೆಂಡ್ ನಿಲ್ಲುವುದನ್ನು ವಾರವಾರಕ್ಕೂ ಹತ್ತು ಸೆಕೆಂಡ್ ಏರಿಸಿ. ಹಿಮದ ಇಳಿಜಾರಿನಲ್ಲಿ ಕಾಲು ನಡುಗತೊಡಗಿದ ಸುತ್ತೇ ಆ ದಿನದ ಕೊನೆಯ ಸುತ್ತಾಗಲಿ.